ಕಳ್ಳನಿಗೆ ಹೆದರಿ ಜೋಡಿಸಿದ ಮನೆ

ಮಳೆನೀರು ನುಗ್ಗಿದ ಮನೆಗೆ ಮಾರನೇ ದಿನ ಹೋಗಿ "ಏನೇನು ಹೋಯ್ತು?" ಅಂತ ಕೇಳಿ ನೋಡಿ. ಮೈಸೂರಿನ ಯಾವ ಬಡಾವಣೆಯಾದರೂ ಉತ್ತರ ಹೆಚ್ಚುಕಮ್ಮಿ ಒಂದೇ. ಬೀರುವಿನ ಕೆಳಖಾನೆಯಲ್ಲಿದ್ದ ಮನೆಪತ್ರ, ದಿವಾನಿನ ಡ್ರಾಯರಿನಲ್ಲಿದ್ದ ಮಾರ್ಕ್ಸ್ ಕಾರ್ಡು, ಮಂಚದಡಿಯ ಟ್ರಂಕಿನಲ್ಲಿದ್ದ ರೇಷ್ಮೆ ಸೀರೆ, ಮದುವೆ ಆಲ್ಬಮ್ಮು, ಮೂಲೆಯಲ್ಲಿ ನೆಲದ ಮೇಲೇ ಕೂತಿದ್ದ ಯುಪಿಎಸ್ ಬ್ಯಾಟರಿ. ಏನು ಉಳಿಯಿತು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಸಜ್ಜದ ಕಡೆ ಕತ್ತೆತ್ತಿ ನೋಡಿದರೆ ಗೊತ್ತಾಗುತ್ತದೆ: ಚಕ್ರ ಮುರಿದ ಸೂಟ್‌ಕೇಸು, ಟಿವಿ ಡಬ್ಬದ ಥರ್ಮೋಕೋಲು, ಗೃಹಪ್ರವೇಶಕ್ಕೆ ಬಂದು ಇನ್ನೂ ಬಿಚ್ಚದ ಡಿನ್ನರ್ ಸೆಟ್ಟು, ಯಾರದೋ ಕಾಲೇಜು ಕಾಲದ ಡ್ರಾಫ್ಟರು. ಒಂದಕ್ಕೂ ಒಂದು ಹನಿ ತಾಕಿರುವುದಿಲ್ಲ. ವರ್ಷದಲ್ಲಿ ಹನ್ನೊಂದು ತಿಂಗಳು ದಸರಾ ಗೊಂಬೆಗಳೂ ಅಲ್ಲೇ ಇರುತ್ತವೆ. ಆದರೆ ನಮ್ಮೂರಲ್ಲಿ ಮಳೆ ಜೋರು ಹಿಡಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಪಟ್ಟದ ಗೊಂಬೆ ಕೆಳಗಿಳಿದು, ಅಡಿ ಮೆಟ್ಟಿಲ ಮೇಲೆ ಚೆಟ್ಟಿಯಾರ್ ಗೊಂಬೆ ಅಂಗಡಿ ಹರಡಿಕೊಂಡು ಕೂತ ಹೊತ್ತಿಗೆ ಸರಿಯಾಗಿ.

ಬೇಡದ್ದೆಲ್ಲ ಮೇಲೆ, ಬೇಕಾದದ್ದೆಲ್ಲ ಕೆಳಗೆ. ಇದು ಹೇಗಾಯಿತು ಅಂತ ನಮ್ಮ ಮನೆಗೆ ನೀರು ಬಂದಾಗಿನಿಂದ ತಲೆ ಕೊರೆಯುತ್ತಿದೆ. ಸೋಮಾರಿತನ ಅನ್ನೋಣವೆಂದರೆ ಅಲ್ಲ. ನಮ್ಮಮ್ಮನಷ್ಟು ಅಚ್ಚುಕಟ್ಟಾಗಿ ಮನೆ ಇಟ್ಟುಕೊಂಡವರನ್ನು ನಾನು ನೋಡಿಲ್ಲ, ಅವಳ ಬೀರುವಿನಲ್ಲೂ ಇದೇ ಕ್ರಮ. ನಿಧಾನವಾಗಿ ಹೊಳೆದದ್ದು ಇಷ್ಟು: ನಾವು ಮನೆಯ ಸಾಮಾನನ್ನು ಜೋಡಿಸಿಕೊಂಡಿರುವುದು ಕಳ್ಳನನ್ನು ಮನಸ್ಸಿನಲ್ಲಿಟ್ಟುಕೊಂಡು. ಕಳ್ಳನಿಂದ ಉಳಿಸಬೇಕಾದ ವಸ್ತು ಕೆಳಗಿರಬೇಕು, ಒಳಗಿರಬೇಕು, ಬೀಗದಲ್ಲಿರಬೇಕು, ಸುಲಭಕ್ಕೆ ಎತ್ತಿಕೊಂಡು ಹೋಗುವಂತಿರಬಾರದು. ನೀರಿನಿಂದ ಉಳಿಸಬೇಕಾದದ್ದಕ್ಕೆ ಈ ಒಂದೊಂದು ನಿಯಮವೂ ತಲೆಕೆಳಗು. ಅದು ಮೇಲಿರಬೇಕು, ಕೈಗೆ ಸಿಗಬೇಕು, ಕತ್ತಲಲ್ಲಿ ಬೀಗದಕೈ ಹುಡುಕುವ ಗೋಜಿಲ್ಲದೆ ಒಂದೇ ಸಲ ಎತ್ತಿಕೊಂಡು ಮಹಡಿ ಹತ್ತುವಂತಿರಬೇಕು.

ಬ್ಯಾಂಕುಗಳದ್ದೂ ಇದೇ ಮನಸ್ಸು. ರಿಸರ್ವ್ ಬ್ಯಾಂಕಿನ ಹೊಸ ಲಾಕರ್ ನಿಯಮ ಜಾರಿಗೆ ಬಂದದ್ದು 2022ರ ಜನವರಿ 1ರಂದು. ಕಳ್ಳತನ, ದರೋಡೆ, ಬೆಂಕಿ, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸ, ಇವುಗಳಿಂದ ಲಾಕರಿನಲ್ಲಿದ್ದದ್ದು ಹೋದರೆ ಬ್ಯಾಂಕು ವರ್ಷದ ಬಾಡಿಗೆಯ 100 ಪಟ್ಟಿನವರೆಗೆ ಕಟ್ಟಿಕೊಡಬೇಕು. ಪ್ರವಾಹ, ಭೂಕಂಪ, ಸಿಡಿಲಿಗಾದರೆ ಬ್ಯಾಂಕು ಹೊಣೆಯಲ್ಲ. ಕಟ್ಟಡವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು ಅಂತ ಒಂದು ಮಾತು ಸೇರಿಸಿದ್ದಾರೆ, ಅಷ್ಟೇ. ಲಾಕರ್ ಕೋಣೆ ಎಷ್ಟೋ ಶಾಖೆಗಳಲ್ಲಿ ಇರುವುದು ನೆಲಮಾಳಿಗೆಯಲ್ಲಿ ಅನ್ನುವುದನ್ನೂ ಇಲ್ಲಿ ನೆನೆಸಿಕೊಳ್ಳಬಹುದು. ನಾನು ನಮ್ಮ ಶಾಖೆಯಲ್ಲಿ ಒಮ್ಮೆ "ಮಳೆನೀರು ಬಂದ್ರೆ?" ಅಂತ ಕೇಳಿದೆ. ಮ್ಯಾನೇಜರು ನನ್ನನ್ನೇ ಅನುಮಾನದಿಂದ ನೋಡಿದರು.

ಹಳಬರು ಎರಡನ್ನೂ ಲೆಕ್ಕಕ್ಕೆ ಇಟ್ಟುಕೊಂಡಿದ್ದರು ಅನ್ನಿಸುತ್ತದೆ. ಮಂಡ್ಯ ಕಡೆ ನಮ್ಮ ತಾತನ ಊರಲ್ಲಿ ರಾಗಿಯನ್ನು ಹಗೇವಿನಲ್ಲಿ ಹೂಳುತ್ತಿದ್ದರು. ನೆಲದೊಳಗೆ ಹೂಜಿಯಾಕಾರದ ಗುಂಡಿ, ಸುತ್ತ ಹುಲ್ಲು, ಮೇಲೆ ಬಾಯಿ ಮುಚ್ಚಿ ಮಣ್ಣು. ಕಳ್ಳನಿಗೂ ಕಾಣದು, ಬೆಂಕಿಗೂ ಸಿಗದು. ಆದರೆ ಹಗೇವು ತೋಡಲು ಆರಿಸುತ್ತಿದ್ದದ್ದು ನೀರು ನಿಲ್ಲದ ದಿಣ್ಣೆಯ ಜಾಗವನ್ನು, ಮನೆಯ ಪಕ್ಕದ ತಗ್ಗನ್ನಲ್ಲ. ಮನೆಯೊಳಗೆ ಅಟ್ಟ ಇತ್ತು, ಅಡುಗೆಮನೆಯಲ್ಲಿ ನೆಲುವು ತೂಗುತ್ತಿತ್ತು. ನಾವು ಅಟ್ಟವನ್ನು ಸಜ್ಜ ಮಾಡಿ ಅದಕ್ಕೆ ಗುಜರಿ ತುಂಬಿದೆವು, ನೆಲುವನ್ನು ಕಿತ್ತು ಹಾಕಿದೆವು, ಹಗೇವಿನ ಗುಟ್ಟನ್ನು ಮಾತ್ರ ದಿಣ್ಣೆ ಬಿಟ್ಟು ದಿವಾನಿನ ಡ್ರಾಯರಿಗೆ ತಂದೆವು.

ಹೇಳಿ ಬರುವ ನೀರು

ನಂಜನಗೂಡಿನಲ್ಲಿ ನಮ್ಮ ದೊಡ್ಡಮ್ಮನ ಮನೆ ಇದೆ, ಹೊಳೆಗೆ ಹತ್ತಿರದ ತಗ್ಗಿನ ಬೀದಿಯೊಂದರಲ್ಲಿ. ತೋಪಿನ ಬೀದಿ, ಹಳ್ಳದಕೇರಿ ಕಡೆಯವರಿಗೆ ಕಪಿಲೆ ಮನೆಗೆ ಬರುವುದು ಹೊಸದಲ್ಲ. ವಯನಾಡಿನಲ್ಲಿ ಮಳೆ ಹಿಡಿದರೆ ಕಪಿಲೆಗೆ ಕಟ್ಟಿದ ಕಬಿನಿ ಅಣೆಕಟ್ಟೆ ತುಂಬುತ್ತದೆ. ಅದು ಸಣ್ಣ ಕಟ್ಟೆ, ಹಿಡಿಸುವುದೇ 19.52 ಟಿಎಂಸಿ, ಕೆಆರ್‌ಎಸ್‌ನ 49.45ರ ಮುಂದೆ ಅರ್ಧವೂ ಇಲ್ಲ. 2,284 ಅಡಿ ಮುಟ್ಟಿದ ಮೇಲೆ ಬಂದಷ್ಟನ್ನೂ ಕೆಳಕ್ಕೆ ಬಿಡದೆ ವಿಧಿಯಿಲ್ಲ. ಹಾಗಾಗಿ ಅಲ್ಲಿಯ ಜನ ಟಿವಿಯಲ್ಲಿ ನೋಡುವುದು ಮೈಸೂರಿನ ಮಳೆಯನ್ನಲ್ಲ, ಕೇರಳದ ಮಳೆಯನ್ನು. ಸುದ್ದಿ ಖಚಿತ ಮಾಡಿಕೊಳ್ಳಲು ಅವರಿಗೆ ಅವರದೇ ಅಳತೆಗೋಲಿದೆ. ಸ್ನಾನಘಟ್ಟದ ಯಾವ ಮೆಟ್ಟಿಲಲ್ಲಿ ನೀರಿದೆ, ಹದಿನಾರು ಕಾಲು ಮಂಟಪ ಎಷ್ಟು ಕಾಣುತ್ತಿದೆ, ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆಯಲ್ಲಿ ಬಸ್ಸು ಓಡಾಡುತ್ತಿದೆಯೋ ಇಲ್ಲವೋ. ಕ್ಯೂಸೆಕ್ಸ್ ಲೆಕ್ಕ ಆಮೇಲೆ.

2019ರ ಆಗಸ್ಟ್‌ನಲ್ಲಿ ಆ ರಸ್ತೆ ಮುಚ್ಚುವುದಕ್ಕೆ ಮುಂಚೆ ಸಾಮಾನು ಎತ್ತಿಡಲು ನಾನು ಹೋಗಿದ್ದೆ. ಎತ್ತಿಡಲು ನನಗೆ ಅಲ್ಲಿ ಹೆಚ್ಚು ಕೆಲಸವೇ ಇರಲಿಲ್ಲ. ದೊಡ್ಡಮ್ಮ ಮಂಚದ ಕಾಲಿನ ಕೆಳಗೆ ಇಟ್ಟಿಗೆ ಕೊಟ್ಟು, ಮಂಚದ ಮೇಲೆ ಮೇಜು, ಮೇಜಿನ ಮೇಲೆ ಹಾಸಿಗೆ ಸುರುಳಿ ಏರಿಸಿಯಾಗಿತ್ತು. ಸೀರೆಗಳೆಲ್ಲ ದಿಂಬಿನ ಕವರಿನೊಳಗೆ. ಅಕ್ಕಿ, ರಾಗಿಹಿಟ್ಟು ಮುಚ್ಚಳ ತಿರುಗಿಸುವ ನೀಲಿ ಡ್ರಮ್ಮಿನಲ್ಲಿ. ನೀರು ಬಂದರೆ ಡ್ರಮ್ಮು ತೇಲುತ್ತದೆ, ಮಗುಚಿದರೂ ಒಳಗಿನದು ನೆನೆಯುವುದಿಲ್ಲ, ಹೊರಗೆ ಹೋಗದ ಹಾಗೆ ಅದಕ್ಕೊಂದು ಹಗ್ಗ. ಗ್ಯಾಸಿನ ರೆಗ್ಯುಲೇಟರ್ ಬಿಚ್ಚಿ ಸಿಲಿಂಡರನ್ನು ಕಿಟಕಿಯ ಸರಳಿಗೆ ಕಟ್ಟಿದ್ದಳು, ಯಾಕೆಂದರೆ ಅದೂ ತೇಲುತ್ತದೆ. ಫ್ರಿಜ್ಜನ್ನು ಮಾತ್ರ ಬೇಕೆಂದೇ ಬಾಗಿಲು ತೆರೆದು ಬಿಟ್ಟಿದ್ದಳು. ಮುಚ್ಚಿದ ಫ್ರಿಜ್ಜು ನೀರಿನಲ್ಲಿ ಎದ್ದು ಅಡ್ಡ ಬಿದ್ದು ಬಾಗಿಲಿಗೆ ಸಿಕ್ಕಿಕೊಂಡರೆ ಆಮೇಲೆ ಒಳಗೆ ಹೋಗುವುದೇ ಕಷ್ಟ ಅಂತ ಅವಳ ಅನುಭವ. ಒರಳುಕಲ್ಲಿಗೆ ಕೈ ಹಾಕಲು ಹೋದ ನನ್ನನ್ನು ನೋಡಿ ನಕ್ಕಳು. "ಅದುನ್ನ ಹೊಳೆ ತಕ್ಕಂಡೋದ್ರೆ ಅದುರ್ ಪುಣ್ಯ, ಬುಡು."

ನನ್ನ ಕಣ್ಣು ಹೋದದ್ದು ದೇವರಮನೆ ಬಾಗಿಲ ಹಿಂದೆ, ತಲೆಗಿಂತ ಎತ್ತರದಲ್ಲಿ ಮೊಳೆಗೆ ತೂಗುಹಾಕಿದ್ದ ಒಂದು ಬಟ್ಟೆಚೀಲದ ಕಡೆಗೆ. ಪತ್ರದ ಚೀಲ. ಅದರೊಳಗೆ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪಹಣಿ, ಕ್ರಯಪತ್ರ, ರೇಷನ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡು, ದೊಡ್ಡಪ್ಪನ ಡೆತ್ ಸರ್ಟಿಫಿಕೇಟು, ಒಂದಿಷ್ಟು ಫೋಟೋ. ವರ್ಷವಿಡೀ ಅದು ಅಲ್ಲೇ ನೇತಾಡುತ್ತದೆ. ಯಾರು ಬೇಕಾದರೂ ಕೈಚಾಚಿ ತೆಗೆದುಕೊಂಡು ಹೋಗಬಹುದಲ್ಲ, ಬೀರುವಿನಲ್ಲಿ ಇಡಬಾರದಾ ಅಂದೆ. "ಕಳ್ಳಂಗೆ ಪಾಣಿ ತಕ್ಕಂಡು ಏನಾಗ್ಬೇಕ್ಲಾ?" ಅಂದಳು. ಮತ್ತೆ ಒಡವೆ? "ಚಿನ್ನುಕ್ ನೀರೇನ್ ಮಾಡ್ತದೆ? ಕೆಸ್ರು ತೊಳುದ್ರೆ ಆಯ್ತು. ಅದೂ ಈಗ ಮನೇಲೆಲ್ಲದೆ, ಬ್ಯಾಂಕಲ್ಲಿ ಅಡ ಅದೆ."

ಆ ದಿನ ಅದನ್ನು ತಮಾಷೆ ಅಂತ ಕೇಳಿಸಿಕೊಂಡು ಬಂದೆ. ಈಗ ಬರೆಯುತ್ತಾ ಕೂತರೆ ಇಡೀ ವಿಷಯವನ್ನು ಅವಳು ಆ ಎರಡು ಮಾತಿನಲ್ಲೇ ಬಿಡಿಸಿಟ್ಟಿದ್ದಳು ಅನ್ನಿಸುತ್ತದೆ. ಕಳ್ಳನಿಗೆ ಬೇಕಾದದ್ದು ಚಿನ್ನ, ಬೆಳ್ಳಿ. ನೀರು ಅವಕ್ಕೆ ಏನೂ ಮಾಡಲಾರದು. ನೀರು ಹಾಳು ಮಾಡುವುದು ಕಾಗದ, ಫೋಟೋ, ಬಟ್ಟೆ. ಅವನ್ನು ಯಾವ ಕಳ್ಳನೂ ಮುಟ್ಟುವುದಿಲ್ಲ. ಎರಡರ ಶತ್ರುಗಳೂ ಬೇರೆ ಬೇರೆ. ಎರಡೂ 'ಬೆಲೆಬಾಳುವಂಥದ್ದು' ಅನ್ನುವ ಒಂದೇ ಕಾರಣಕ್ಕೆ ನಾವು ಅವನ್ನು ಒಂದೇ ಖಾನೆಯಲ್ಲಿ ಕೂಡಿಹಾಕಿ ಒಂದೇ ಬೀಗ ಜಡಿದಿದ್ದೇವೆ.

ಹೇಳದೆ ಬರುವ ನೀರು

ಹೊಳೆ ಹೇಳಿ ಬರುತ್ತದೆ. ಆಟೋದಲ್ಲಿ ಮೈಕು ಕಟ್ಟಿಕೊಂಡು ಸಾರುತ್ತಾರೆ, ಟಿವಿಯಲ್ಲಿ ಒಳಹರಿವು ಹೊರಹರಿವು ಓಡುತ್ತಿರುತ್ತದೆ. ಶ್ರೀರಂಗಪಟ್ಟಣದವರಿಗಾದರೆ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸಿದರೆಂಬ ಸುದ್ದಿಯೇ ಒಂದು ಎಚ್ಚರಿಕೆ. ಮೈಸೂರು ನಗರದ ನೀರಿಗೆ ಈ ಸೌಜನ್ಯ ಇಲ್ಲ. ಇಲ್ಲಿ ಹೊಳೆಯೇ ಇಲ್ಲವಲ್ಲ, ಚಾಮುಂಡಿ ಬೆಟ್ಟದ ಬುಡದ ಊರಿಗೆ ಎಲ್ಲಿಯ ನೆರೆ ಅಂತ ನಾವೆಲ್ಲ ಆರಾಮಾಗಿದ್ದೆವು. ಮಳೆನೀರು ಹರಿದು ನಿಲ್ಲಲು ಹಿಂದಿನವರು ಕೆರೆಗಳ ಸಾಲನ್ನೇ ಕಟ್ಟಿದ್ದರು: ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ, ದಳವಾಯಿ ಕೆರೆ. ಅರಮನೆಯ ಪಕ್ಕದ ದೊಡ್ಡಕೆರೆ ಈಗ ಹೆಸರಿನಲ್ಲಿ ಮಾತ್ರ ಕೆರೆ, ಅಲ್ಲಿರುವುದು ಮೈದಾನ. ಪ್ಲೇಗಿನ ನಂತರ 1903ರಲ್ಲಿ ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಹಳೆಯ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ ಬಿಟ್ಟು ಚರಂಡಿಗೆ ಜಾಗ ಕೊಟ್ಟಿದ್ದರು. ಆ ಗಲ್ಲಿಗಳಲ್ಲಿ ಈಗ ಏನೇನಿದೆ ಅಂತ ಮೈಸೂರಿನವರಿಗೆ ನಾನು ಹೇಳಬೇಕಿಲ್ಲ. ನಾವಿರುವ ಕಡೆ ಬಡಾವಣೆ ಆಗುವ ಮುಂಚೆ ಇದ್ದದ್ದು ಗದ್ದೆ ಬಯಲು. ನೀರಿಗೆ ಅದು ಇನ್ನೂ ನೆನಪಿದ್ದಂತಿದೆ.

ಅದು ಅಕ್ಟೋಬರಿನ ಒಂದು ರಾತ್ರಿ. ಗುಡುಗಿನ ಮಳೆ, ಕರೆಂಟು ಆಗಲೇ ಹೋಗಿತ್ತು. ನಾವು ಕಾಯುತ್ತಿದ್ದದ್ದು ಮುಂಬಾಗಿಲಲ್ಲಿ. ಹೊಸ್ತಿಲಿಗೆ ಚೀಲ ಒತ್ತಿ, ಟಾರ್ಚು ಬಿಟ್ಟುಕೊಂಡು ಗೇಟಿನ ಕಡೆ ನೋಡುತ್ತಾ ನಿಂತಿದ್ದೆವು. ನೀರು ಬಂದದ್ದು ಹಿಂದಿನಿಂದ. ಬಚ್ಚಲುಮನೆಯ ಜಾಲರಿಯಲ್ಲಿ ಮೊದಲು ಗುಳುಗುಳು ಸದ್ದು, ಆಮೇಲೆ ಒಂದು ದುರ್ನಾತ, ಆಮೇಲೆ ಕಪ್ಪು ನೀರು, ಮೆಲ್ಲಗೆ, ಯಾವ ಅವಸರವೂ ಇಲ್ಲದೆ ಮೇಲೇರಿ ಹಾಲಿನ ಕಡೆ ನಡೆಯಿತು. ಬೀದಿಯ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ, ಕೊಳವೆಗೆ ಮಳೆನೀರು ನುಗ್ಗಿ ತುಂಬಿದರೆ ಅದು ಹಿಂದಕ್ಕೆ ಒತ್ತುತ್ತದೆ, ರಸ್ತೆಗಿಂತ ತಗ್ಗಿನಲ್ಲಿರುವ ಮೊದಲ ಜಾಲರಿ ಎಲ್ಲಿ ಸಿಗುತ್ತದೋ ಅಲ್ಲಿ ಏಳುತ್ತದೆ. ಮುಂಬಾಗಿಲಿಗೆ ಎಷ್ಟು ಮರಳುಚೀಲ ಪೇರಿಸಿದರೂ ಇದಕ್ಕೆ ಉಪಯೋಗವಿಲ್ಲ. ಚೀಲವನ್ನು ಬಚ್ಚಲ ಜಾಲರಿಯ ಮೇಲೆ, ಕಮೋಡಿನ ಬಾಯಲ್ಲಿ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಮರಳೋ ನೀರೋ ತುಂಬಿ ಅದುಮಿಟ್ಟರೂ ಒಂದಿಷ್ಟು ಹೊತ್ತು ತಡೆಯುತ್ತದೆ. (ಕರೆಂಟು ಹೋಗಿದ್ದರೂ ಮೇನ್ ಸ್ವಿಚ್ ಆರಿಸುವುದನ್ನು ಬಿಡಬಾರದು. ನೀರಿನಲ್ಲಿ ನಿಂತಿರುವಾಗಲೇ ಅದು ವಾಪಸ್ ಬಂದುಬಿಡಬಹುದು, ಯುಪಿಎಸ್ ಇದ್ದರಂತೂ ಮನೆಯ ಅರ್ಧ ವೈರಿನಲ್ಲಿ ಆಗಲೂ ಕರೆಂಟಿರುತ್ತದೆ.)

ಅಮ್ಮ "ಪತ್ರ, ಪತ್ರ" ಅಂದಳು. ಪತ್ರಗಳಿದ್ದದ್ದು ದಿವಾನಿನ ಕೆಳಗಿನ ಡ್ರಾಯರಿನಲ್ಲಿ. ದಿವಾನು ಮರದ್ದಲ್ಲ, ಮರದ ಹೊಟ್ಟು ಒತ್ತಿ ಮಾಡಿದ ಹಲಗೆಯದು. ಮೇಲೆ ತೇಗದ ಬಣ್ಣದ ಕಾಗದ ಅಂಟಿಸಿರುತ್ತಾರೆ. ಆ ಹಲಗೆ ನೀರು ಕುಡಿದರೆ ಬಿಸ್ಕತ್ತಿನ ಹಾಗೆ ಉಬ್ಬುತ್ತದೆ. ನಾವು ಮೊದಲು ಹಾಸಿಗೆ ಎತ್ತಿ, ಟಿವಿ ಎತ್ತಿ, ಅಡುಗೆಮನೆ ನೋಡಿ ಬರುವಷ್ಟರಲ್ಲಿ ಡ್ರಾಯರಿನ ಅಂಚು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಎಳೆದರೆ ಹಿಡಿಕೆ ಕೈಗೆ ಬಂತು. ಬೀಗದಕೈ ನಮ್ಮ ಕೈಯಲ್ಲೇ ಇದೆ, ಬೀಗವೂ ತೆರೆದಿದೆ, ಡ್ರಾಯರು ಬರುತ್ತಿಲ್ಲ. ಮೊಣಕಾಲ ಕೆಳಗೆ ಕಪ್ಪು ನೀರು. ಯಾವ ಕಳ್ಳನನ್ನು ಎಷ್ಟು ಸಮರ್ಥವಾಗಿ ತಡೆಯುತ್ತಿತ್ತೋ ಗೊತ್ತಿಲ್ಲ, ಮನೆಯವರನ್ನು ಮಾತ್ರ ಪೂರಾ ತಡೆಯಿತು. ಕೊನೆಗೆ ಎದುರುಮನೆಯವರ ಹಾರೆ ತಂದು ದಿವಾನಿನ ಪಕ್ಕೆ ಒಡೆದು ಒಳಗಿನದನ್ನು ಹೊರಗೆಳೆದದ್ದು. ಪಾರದರ್ಶಕ ಬಟನ್ ಫೋಲ್ಡರಿನಲ್ಲಿ ಪತ್ರಗಳು ನೀರಿನ ಜೊತೆಗೇ ಇದ್ದವು. ಆ ಫೋಲ್ಡರು ನೀರನ್ನು ಒಳಗೆ ಬಿಟ್ಟುಕೊಂಡಿತ್ತು, ಹೊರಗೆ ಬಿಟ್ಟಿರಲಿಲ್ಲ.

ಒಣಗಿಸುವುದು

ನೀರಿಳಿದ ಬೆಳಗ್ಗೆ ಕೈ ತುರಿಸುವುದು ಪೊರಕೆಗೆ. ಅದಕ್ಕೆ ಮುಂಚೆ ಗೋಡೆಯ ಮೇಲಿನ ನೀರಿನ ಗೆರೆ ಕಾಣುವ ಹಾಗೆ, ಕೋಣೆ ಕೋಣೆಯಲ್ಲೂ ಫೋಟೋ ತೆಗೆದಿಡಬೇಕು. ಪರಿಹಾರಕ್ಕೆ ಮಹಜರಿಗೆ ಬಂದವರೂ ಕೇಳುವುದು ಅದನ್ನೇ, ವಿಮೆಯವರು ಕೇಳುವುದೂ ಅದನ್ನೇ. ಫಿನಾಯಿಲು ಹಾಕಿ ಲಕಲಕ ತೊಳೆದ ಮನೆಯಲ್ಲಿ ನಿಂತು "ಇಲ್ಲೀವರೆಗೂ ಬಂದಿತ್ತು ಸಾರ್" ಅಂದರೆ ಯಾರೂ ಬರೆದುಕೊಳ್ಳುವುದಿಲ್ಲ. ಸಂಪು ಮುಚ್ಚಿದ್ದರೂ ಅದಕ್ಕೆ ಚರಂಡಿ ನೀರು ಇಳಿದಿರುತ್ತದೆ ಅಂತಲೇ ಲೆಕ್ಕ. ಖಾಲಿ ಮಾಡಿ, ತೊಳೆದು, ಬ್ಲೀಚಿಂಗ್ ಪೌಡರ್ ಹಾಕದೆ ಮೋಟರ್ ಒತ್ತಿದರೆ ಮೇಲಿನ ಟ್ಯಾಂಕೂ ಕೆಡುತ್ತದೆ. ವಾಷಿಂಗ್ ಮಷಿನ್, ಫ್ರಿಜ್ಜು "ಆನ್ ಆಗುತ್ತಾ ನೋಡೋಣ" ಅಂತ ಹಾಕಿ ನೋಡುವ ಚಪಲವನ್ನು ತಡೆದುಕೊಂಡರೆ ಅರ್ಧ ಉಳಿದ ಹಾಗೆ. ಎರಡರ ಮೋಟರೂ ಇರುವುದು ಬುಡದಲ್ಲಿ.

ಇವೆಲ್ಲ ಆಗುವ ಕೆಲಸ. ನಮ್ಮನ್ನು ಕೂರಿಸಿದ್ದು ಕಾಗದ. ಒದ್ದೆ ಕಾಗದಕ್ಕೆ ಎರಡು ದಿನದೊಳಗೆ ಬೂಷ್ಟು ಹಿಡಿಯಲು ಶುರುವಾಗುತ್ತದೆ, ನಮ್ಮ ಅಕ್ಟೋಬರಿನ ಥಂಡಿಯಲ್ಲಿ ಅದಕ್ಕೆ ಹೇಳಿ ಮಾಡಿಸಿದ ಹವೆ. ಎಲ್ಲವನ್ನೂ ಎರಡು ದಿನದಲ್ಲಿ ಒಣಗಿಸಲಾಗದು ಅಂತಾದರೆ ಉಪಾಯ ಫ್ರೀಜರು. ಒದ್ದೆ ಫೋಟೋ, ಕಾಗದಗಳನ್ನು ಸಣ್ಣ ಕಟ್ಟು ಮಾಡಿ, ನಡುವೆ ಬಟರ್ ಪೇಪರ್ ಇಟ್ಟು, ಕವರಿನಲ್ಲಿ ಹಾಕಿ ಹೆಪ್ಪುಗಟ್ಟಿಸಿಬಿಟ್ಟರೆ ಬೂಷ್ಟು ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಬಿಡುವಾದಾಗ ಒಂದೊಂದೇ ಕಟ್ಟು ತೆಗೆದು ಬಿಡಿಸಿಕೊಳ್ಳಬಹುದು. ಜಗತ್ತಿನ ದೊಡ್ಡ ಗ್ರಂಥಾಲಯಗಳು ನೆನೆದ ಪುಸ್ತಕಕ್ಕೆ ಮಾಡುವುದೂ ಇದನ್ನೇ. ನಮ್ಮ ಫ್ರಿಜ್ಜು ಕೈಕೊಟ್ಟಿದ್ದರಿಂದ ಮಹಡಿ ಮನೆಯವರ ಫ್ರೀಜರಿನಲ್ಲಿ ಅವರ ಹಸಿ ಬಟಾಣಿ, ತೆಂಗಿನತುರಿಯ ಪಕ್ಕದಲ್ಲಿ ನಮ್ಮ ವಂಶಾವಳಿಯೇ ಮಲಗಿತ್ತು. ಅವರ ಮಗ ಐಸ್‌ಕ್ರೀಮ್ ಹುಡುಕುವಾಗೆಲ್ಲ ನಮ್ಮ ಅಜ್ಜಿಯ ಮುಖ ನೋಡುತ್ತಿದ್ದನಂತೆ.

ಆಲ್ಬಮ್ಮು ಬಿಡಿಸಲು ಅಮ್ಮ ಮಹಡಿಯ ಮೇಲೆ ಕೂತಳು. ಎರಡು ಬೇಸಿನ್ನಿನಲ್ಲಿ ತಣ್ಣೀರು, ನೆರಳಿನಲ್ಲಿ ಹಾಸಿದ ಹಳೆಯ ಕಾಟನ್ ಸೀರೆ. ಅಂಟಿಕೊಂಡ ಫೋಟೋಗಳನ್ನು ಒಣಗಿದ ಮೇಲೆ ಕೀಳಲು ಹೋದರೆ ಮುಖ ಒಂದು ಕಡೆ, ಕಾಗದ ಒಂದು ಕಡೆ ಬರುತ್ತದೆ. ನೀರಿನಲ್ಲಿ ಮುಳುಗಿಸಿಟ್ಟುಕೊಂಡು, ತಾವಾಗೇ ಬಿಡುವವರೆಗೆ ಕಾಯಬೇಕು. ಮುಖ ಮೇಲೆ ಮಾಡಿ ನೆರಳಲ್ಲಿ ಹರಡಬೇಕು. ಒರೆಸಬಾರದು, ಬಿಸಿಲು ತೋರಿಸಬಾರದು. ಚಿತ್ರ ಇರುವುದು ಜಿಲೆಟಿನ್ ಪದರದಲ್ಲಿ, ಒದ್ದೆಯಾದಾಗ ಅದು ಬೆರಳಿಗೆ ಗಂಜಿಯ ಕೆನೆಯಂತೆ ಜಾರುತ್ತದೆ. ಗಾಜಿನ ಫ್ರೇಮಿನವನ್ನು ಒದ್ದೆ ಇರುವಾಗಲೇ ಬಿಡಿಸಿಕೊಳ್ಳಬೇಕು, ಒಣಗಿದರೆ ಗಾಜಿಗೇ ಕೂತುಬಿಡುತ್ತದೆ. ಅಮ್ಮನ ಮದುವೆಯ ಬಣ್ಣದ ಫೋಟೋಗಳಲ್ಲಿ ಧಾರೆಯವು ಉಳಿದವು, ಊಟದ ಪಂಕ್ತಿಯವು ಹೋದವು. ಅವಳು ಅತ್ತದ್ದು ಧಾರೆಗಲ್ಲ. ಪಂಕ್ತಿಯ ಫೋಟೋದಲ್ಲಿ, ಎಲೆಯ ಮುಂದೆ ತಲೆ ಬಗ್ಗಿಸಿ ಕೂತ ಅವಳ ತಮ್ಮ ಇದ್ದ. ಅವನದು ಬೇರೆ ಫೋಟೋ ಇಲ್ಲ. ಹಾಲುಬಿಳುಪಿನ ಹೊಗೆಯಂಥ ಕಲೆಯ ಕೆಳಗೆ ಒಂದು ಮುಂಗೈ, ಒಂದು ಗಡಿಯಾರದ ಪಟ್ಟಿ ಮಾತ್ರ ಉಳಿದಿದೆ. ಆ ಫೋಟೋವನ್ನು ಅವಳು ಬಿಸಾಡಿಲ್ಲ. ನಾನೂ ಬಿಸಾಡು ಅಂದಿಲ್ಲ.

ಕಾಗದಗಳಲ್ಲಿ ಯಾವುದು ತಡೆಯಿತು, ಯಾವುದು ಇಲ್ಲ ಅನ್ನುವುದರಲ್ಲೊಂದು ವಿಚಿತ್ರ ನ್ಯಾಯವಿತ್ತು. ತಾತ ಪೆನ್ಸಿಲ್‌ನಲ್ಲಿ ಬರೆದಿದ್ದ ಜಮೀನಿನ ಲೆಕ್ಕ ಹಾಗೇ ಇತ್ತು. ಬಾಲ್‌ಪೆನ್ನಿನದು ಓದುವ ಹಾಗಿತ್ತು. ಇಂಕಿನ ಪೆನ್ನಿನ ಕಾಗದಗಳು ನೀಲಿ ಮೋಡವಾಗಿದ್ದವು. ಅಂಗಡಿಯ ಝೆರಾಕ್ಸ್ ಪ್ರತಿಗಳಿಗೆ ಏನೂ ಆಗಿರಲಿಲ್ಲ, ಮನೆಯ ಇಂಕ್‌ಜೆಟ್ಟಿನಲ್ಲಿ ತೆಗೆದ ಬಣ್ಣದ ಪ್ರತಿಗಳು ಅಳಿಸಿಹೋಗಿದ್ದವು. ಎಲ್ಲಕ್ಕಿಂತ ಕೆಟ್ಟದ್ದು ಲ್ಯಾಮಿನೇಟ್ ಮಾಡಿಸಿದ್ದ ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು. ಅಂಚಿನಲ್ಲಿ ಒಳಹೊಕ್ಕ ನೀರು ಹೊರಬರಲು ದಾರಿಯಿಲ್ಲದೆ ಒಳಗೇ ಬೂಷ್ಟಿನ ತೋಟ ಮಾಡಿಕೊಂಡಿತ್ತು. ಹೊಸ ಕಾಲದ್ದು ಭದ್ರ, ಹಳೆಯದು ನಾಜೂಕು ಅಂತ ತಿಳಿದವರು ನಮ್ಮೂರಿನದೇ ಓರಿಯೆಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟಿಗೆ ಒಮ್ಮೆ ಹೋಗಿ ಬರಬೇಕು. 1891ರಲ್ಲಿ ಶುರುವಾದದ್ದು. ಆರ್. ಶಾಮಾಶಾಸ್ತ್ರಿಗಳಿಗೆ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಸಿಕ್ಕಿದ್ದು ಅಲ್ಲೇ. ಓಲೆಗರಿಯಲ್ಲಿ ಅಕ್ಷರ ಬರೆದಿರುವುದಿಲ್ಲ, ಕಂಟ ಅನ್ನುವ ಚೂಪು ಕಡ್ಡಿಯಿಂದ ಕೊರೆದಿರುತ್ತದೆ; ಕಾಡಿಗೆ ಸವರಿ ಒರೆಸಿದರೆ ಕೊರೆದ ಗೆರೆಯಲ್ಲಿ ಕಪ್ಪು ನಿಲ್ಲುತ್ತದೆ. ಬಣ್ಣ ಹೋದರೆ ಮತ್ತೆ ಸವರಬಹುದು, ಅಕ್ಷರ ಹೋಗಿರುವುದಿಲ್ಲ. ಒಣಗಿ ಮುರಿಯದಿರಲಿ, ಹುಳ ಹತ್ತದಿರಲಿ ಅಂತ ನಿಂಬೆಹುಲ್ಲಿನ ಎಣ್ಣೆ ಹಚ್ಚುತ್ತಾರೆ. ಅಂದರೆ ಅವು ಉಳಿದದ್ದು ಬೀಗದಿಂದಲ್ಲ, ಮತ್ತೆ ಮತ್ತೆ ಯಾರೋ ತೆಗೆದು ನೋಡುತ್ತಿದ್ದುದರಿಂದ. ನಮ್ಮ ಫೋಲ್ಡರನ್ನು ನಾವು ತೆರೆದು ಎಷ್ಟು ವರ್ಷವಾಗಿತ್ತೋ.

ನಕಲುಗಳ ವಿಷಯ

ಪತ್ರಗಳ ಮಟ್ಟಿಗೆ ಈಗ ಕಾಲ ಸ್ವಲ್ಪ ಸುಧಾರಿಸಿದೆ. ನೋಂದಣಿಯಾದ ಕ್ರಯಪತ್ರಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ಸಿಗುತ್ತದೆ, ಪಹಣಿಯನ್ನು 'ಭೂಮಿ'ಯಲ್ಲಿ ತೆಗೆದುಕೊಳ್ಳಬಹುದು, ಮಾರ್ಕ್ಸ್ ಕಾರ್ಡಿಗೆ ಮಂಡಳಿಗೆ ಅರ್ಜಿ ಹಾಕಬಹುದು, ಆಧಾರ್, ಡಿಎಲ್ ಡಿಜಿಲಾಕರಿನಲ್ಲಿ ಇರುತ್ತವೆ. ನೋಂದಣಿ ಇಲಾಖೆಯ ತಂತ್ರಾಂಶದ ಹೆಸರು 'ಕಾವೇರಿ'. ಶ್ರೀರಂಗಪಟ್ಟಣದಲ್ಲಿ ಯಾರಿಗಾದರೂ ಪತ್ರ ಹೊಳೆಯಲ್ಲಿ ಹೋಗಿದ್ದರೆ ಅದನ್ನು ತೆಗೆದುಕೊಂಡವಳ ಹತ್ತಿರವೇ ವಾಪಸ್ ಕೇಳಿದ ಹಾಗೆ ಆಗುತ್ತದೆ. ಒಂದು ಎಚ್ಚರ: ನೆನೆದು ಮುದ್ದೆಯಾದ ಮೂಲಪತ್ರವನ್ನು ಎಸೆಯಬೇಡಿ. ನಾಳೆ ಮಾರುವಾಗಲೋ ಸಾಲ ತೆಗೆಯುವಾಗಲೋ ಮೂಲ ಎಲ್ಲಿ ಅಂತ ಕೇಳುತ್ತಾರೆ. ಕಳೆದಿದೆ ಅಂದರೆ ಪೊಲೀಸ್ ದೂರು, ಪತ್ರಿಕೆಯಲ್ಲಿ ಪ್ರಕಟಣೆ ಅಂತ ಓಡಾಟ. ಓದಲಾಗದಿದ್ದರೂ ಕೈಯಲ್ಲಿದ್ದರೆ ಅದು ಹಾಳಾದ ಪತ್ರ, ಕಳೆದ ಪತ್ರವಲ್ಲ. ಗೃಹಸಾಲ ಇನ್ನೂ ತೀರದವರು ನಿಶ್ಚಿಂತರು, ಅವರ ಮೂಲಪತ್ರ ಬ್ಯಾಂಕಿನವರ ಹತ್ತಿರ ಒಣಗಿಕೊಂಡೇ ಇರುತ್ತದೆ.

ವಿಮೆಯ ಬಗ್ಗೆಯೂ ಒಂದು ಮಾತು. ಕಾರಿಗೆ ಮಾಡಿಸುತ್ತೇವೆ, ಮನೆಗೆ ಮಾಡಿಸುವವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. 2021ರ ಏಪ್ರಿಲ್‌ನಿಂದ 'ಭಾರತ್ ಗೃಹ ರಕ್ಷಾ' ಅಂತ ಎಲ್ಲ ಕಂಪನಿಗಳೂ ಕೊಡಬೇಕಾದ ಒಂದೇ ಮಾದರಿಯ ಪಾಲಿಸಿ ಬಂದಿದೆ. ನೆರೆ, ನೀರು ನುಗ್ಗುವುದು ಅದರಲ್ಲಿ ಸೇರಿದೆ. ಕಟ್ಟಡಕ್ಕೆ ಮಾಡಿಸಿದ ಮೊತ್ತದ ಶೇ 20ರಷ್ಟು, 10 ಲಕ್ಷ ರೂಪಾಯಿ ಮೀರದಂತೆ, ಮನೆಸಾಮಾನಿಗೂ ತಾನಾಗೇ ಅನ್ವಯಿಸುತ್ತದೆ. ಸರ್ಕಾರದ ಪರಿಹಾರವನ್ನು ಇದರ ಪಕ್ಕ ಇಟ್ಟು ನೋಡಿ. 2019ರ ನೆರೆಯಲ್ಲಿ ನೀರು ನುಗ್ಗಿದ ಮನೆಗೆ ತಕ್ಷಣಕ್ಕೆ ಅಂತ ಕೊಟ್ಟದ್ದು 10,000 ರೂಪಾಯಿ, ಬಟ್ಟೆ ಪಾತ್ರೆಗೆ. ಆದರೆ ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಕಾಗದಪತ್ರ, ಹಸ್ತಪ್ರತಿ, ನೋಟುಗಳನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಪಂಕ್ತಿಯಲ್ಲಿ ಕೂತ ಸೋದರಮಾವನಿಗೆ ಅಲ್ಲಿ ಖಾನೆಯೇ ಇಲ್ಲ.

ಹಾಗಂತ ಎಲ್ಲವನ್ನೂ ಸಜ್ಜಕ್ಕೆ ಏರಿಸಿದರೆ ಮುಗಿಯಿತೇ? ನಾನು ಹಾಗೇ ಅಂದುಕೊಂಡು ಏಣಿ ಹಾಕಿದೆ. ಅಮ್ಮ ತಡೆದಳು. ನಮ್ಮ ಆರ್‌ಸಿಸಿ ಮನೆಗಳ ಸಜ್ಜಕ್ಕೆ ಮೇಲಿನಿಂದ ಬರುವ ನೀರಿದೆ, ತಾರಸಿಯ ಬಿರುಕಿನದು. ಅದರ ಜೊತೆಗೆ ಇಲಿ, ಗೆದ್ದಲು, ಬೆಳ್ಳಿಹುಳ. ಒಂದು ರಾತ್ರಿಯ ನೀರಿನಿಂದ ಉಳಿದದ್ದನ್ನು ಗೆದ್ದಲು ಸದ್ದಿಲ್ಲದೆ ಮುಗಿಸುತ್ತದೆ. ಕಡೆಗೆ ಆದ ಒಪ್ಪಂದ ಇದು: ಒಡವೆ, ಬೆಳ್ಳಿ ಇದ್ದಲ್ಲೇ, ಕೆಳಖಾನೆಯಲ್ಲಿ, ಬೀಗದೊಳಗೆ. ಪತ್ರಗಳು ಬಿಗಿ ಮುಚ್ಚಳದ ಒಂದು ಡಬ್ಬಿಯಲ್ಲಿ, ಭುಜದೆತ್ತರದ ಶೆಲ್ಫಿನಲ್ಲಿ, ಬೀಗವಿಲ್ಲದೆ. ಉಳಿದ ಫೋಟೋಗಳ ಸ್ಕ್ಯಾನು ತಂಗಿಯ ಬೆಂಗಳೂರಿನ ಮನೆಯ ಹಾರ್ಡ್ ಡಿಸ್ಕಿನಲ್ಲಿ. ಆಯುಧಪೂಜೆಯ ದಿನ ಡಬ್ಬಿ ತೆರೆದು ಎಲ್ಲವನ್ನೂ ಗಾಳಿಗೆ ಹಾಕುವುದು. ವಾಹನ, ಸುತ್ತಿಗೆ, ಮಿಕ್ಸಿಗೆಲ್ಲ ಕುಂಕುಮ ಇಡುವಾಗ ಪತ್ರಕ್ಕೂ ಒಂದು ಬೊಟ್ಟು ಬೀಳಲಿ ಅಂತ ಅಮ್ಮನ ಸೇರ್ಪಡೆ. ಗೊಂಬೆಗಳ ಅಡಿ ಮೆಟ್ಟಿಲಿಗೆ ಈಗ ಇಟ್ಟಿಗೆ ಕೊಡುತ್ತೇವೆ.

ರಸ್ತೆಯ ಎತ್ತರ

ಮನೆಯೊಳಗಿನದು ಇಷ್ಟು. ಹೊರಗಿನದು ಇನ್ನೂ ಬಗೆಹರಿದಿಲ್ಲ. ನಾವು ಈ ಮನೆಗೆ ಬಂದಾಗ ಗೇಟಿನಿಂದ ಜಗಲಿಗೆ ಮೂರು ಮೆಟ್ಟಿಲು ಹತ್ತಬೇಕಿತ್ತು. ಈಗ ಒಂದು ಉಳಿದಿದೆ, ಅದೂ ಅರ್ಧ. ಮನೆ ಇಳಿದಿಲ್ಲ, ರಸ್ತೆ ಏರಿದೆ. ಹಳೆಯ ಡಾಂಬರು ಕೆರೆದು ತೆಗೆಯದೆ ಅದರ ಮೇಲೇ ಹೊಸ ಪದರ, ಅದರ ಮೇಲೆ ಇನ್ನೊಂದು. ಕೆರೆಯುವ ಯಂತ್ರ ಇದೆ, ಮಿಲ್ಲಿಂಗ್ ಅನ್ನುತ್ತಾರೆ. ನಮ್ಮ ಒಳರಸ್ತೆಯವರೆಗೆ ಅದು ಬಂದದ್ದನ್ನು ಕಂಡಿಲ್ಲ. ಕಾಮಗಾರಿಗೆ ಬಂದ ಗುತ್ತಿಗೆದಾರರನ್ನು ಕೇಳಿದೆವು. ಟೆಂಡರಿನಲ್ಲಿ ಹಾಕುವುದು ಮಾತ್ರ ಇದೆ, ತೆಗೆಯುವುದು ಇಲ್ಲ ಅಂದರು.

ಹಾಗಾಗಿ ಬೀದಿಯವರು ಒಬ್ಬೊಬ್ಬರೇ ಗೇಟಿನ ಹೊಸ್ತಿಲು ಎತ್ತರಿಸಿಕೊಳ್ಳಲು ಶುರು ಮಾಡಿದರು. ಒಬ್ಬರು ಎತ್ತರಿಸಿದರೆ ಅವರ ಪಾಲಿನ ನೀರು ಮುಂದಿನ ಗೇಟಿಗೆ ಹೋಗುತ್ತದೆ, ಅವರು ಎತ್ತರಿಸಿದರೆ ಅದರಾಚೆಗೆ. ಕೊನೆಗೆ ಎಲ್ಲವೂ ಸೇರುವುದು ತಿರುವಿನಲ್ಲಿರುವ ಹೆಂಚಿನ ಮನೆಗೆ. ಅಲ್ಲಿರುವವರು ಬಾಡಿಗೆಯವರು, ಹೊಸ್ತಿಲು ಮುಟ್ಟಲು ಅವರಿಗೆ ಅಧಿಕಾರವಿಲ್ಲ, ಮಾಲೀಕರು ಊರಲ್ಲಿಲ್ಲ. ಯುಜಿಡಿಯದೂ ಇದೇ ಕತೆ. ಹಿಂದಕ್ಕೆ ಬರುವ ನೀರು ತಡೆಯಲು ಛೇಂಬರಿನಲ್ಲಿ ನಾನ್-ರಿಟರ್ನ್ ವಾಲ್ವ್ ಹಾಕಿಸಬಹುದು, ಹಾಕಿಸಿದೆವು ಕೂಡ. ಅದು ಮುಚ್ಚಿರುವಷ್ಟು ಹೊತ್ತು ನಮ್ಮ ಮನೆಯ ನೀರೂ ಹೊರಗೆ ಹೋಗುವುದಿಲ್ಲ ಅನ್ನುವುದು ಇರಲಿ, ನಮ್ಮ ಜಾಲರಿಯಲ್ಲಿ ಏಳದ ನೀರು ಬೀದಿಯಲ್ಲಿ ಇನ್ನೂ ಯಾವ ಜಾಲರಿ ತೆರೆದಿದೆಯೋ ಅಲ್ಲಿ ಏಳುತ್ತದೆ.

ಬೀದಿಯ ಸಭೆಯಲ್ಲಿ ಎಲ್ಲರೂ ಸೇರಿ ದುಡ್ಡು ಹಾಕಿ ಹೆಂಚಿನ ಮನೆಗೂ ಒಂದು ವಾಲ್ವ್ ಹಾಕಿಸೋಣ ಅಂತ ಮಾತಾಯಿತು. ಬಾಡಿಗೆ ಮನೆಗೆ ನಾವ್ಯಾಕೆ ಹಾಕಿಸಬೇಕು, ಮಾಲೀಕರು ಬರಲಿ ಅಂತ ಇಬ್ಬರು. ಅವರ ಮನೆಗೆ ಹೋಗುವುದು ನಮ್ಮ ನೀರೇ ಅಂತ ಮಹಡಿ ಮನೆಯವರು. ಆ ಮನೆಯ ಹೆಂಗಸು ಸಭೆಗೆ ಬಂದಿದ್ದರು. ವಾಲ್ವ್ ಆಮೇಲೆ ನೋಡೋಣ, ಮಳೆ ಜೋರಾದ ದಿನ ಮಕ್ಕಳ ಪುಸ್ತಕದ ಚೀಲ, ಒಂದು ಟ್ರಂಕು ಯಾರದಾದರೂ ಮಹಡಿಯಲ್ಲಿ ಇಟ್ಟುಕೊಳ್ಳುತ್ತೀರಾ ಅಂತ ಕೇಳಿದರು. ಟ್ರಂಕಿನಲ್ಲಿ ಏನಿದೆ ಅಂತ ಯಾರೋ ಕೇಳಿದ್ದಕ್ಕೆ ಪಟ್ಟಿ ಒಪ್ಪಿಸಿದರು: ಮದುವೆ ಸೀರೆ, ಆಸ್ಪತ್ರೆಯ ಫೈಲು, ಊರಿನ ಜಮೀನಿನ ಪತ್ರ. ಮಹಡಿ ಮನೆಯವರು ಮೆಟ್ಟಿಲ ಕೆಳಗಿನ ಜಾಗಕ್ಕೆ ಬೇಡ, ಮೇಲಿನ ಕೋಣೆಗೇ ತನ್ನಿ ಅಂದರು. ಮಾಲೀಕರಿಗೆ ಫೋನ್ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ, ಅವರಿನ್ನೂ ಎತ್ತಿಲ್ಲ.